ಹಾಡಿದವರಿಗೆ ಗಂಜಿ

ನನ್ನ ದೊಡ್ಡಪ್ಪನ ಮನೆಯಲ್ಲಿ ಹಸಿವಾದವರು ಮೊದಲು ಹಾಡಬೇಕಿತ್ತು. ಬಾಯಿಗೆ ಬಂದ ಹಾಗೆ ಹಾಡಿದರೆ ನಡೆಯುತ್ತಿರಲಿಲ್ಲ, ಸರಿಯಾಗಿ ಹಾಡಬೇಕಿತ್ತು. ಉರ್ವದ ಮಾರ್ಕೆಟಿನಿಂದ ಕೆಳಗೆ ಇಳಿಯುವ ಓಣಿಯಲ್ಲಿತ್ತು ಆ ಮನೆ. ಹೆಂಚಿನ ಕಾರ್ಖಾನೆಯಲ್ಲಿ ಡೊಂಕಾಗಿ ಬೆಂದು ಮಾರಾಟಕ್ಕೆ ಆಗದೆ ಉಳಿದ ಹೆಂಚುಗಳನ್ನೇ ಅದಕ್ಕೆ ಹೊದೆಸಿದ್ದರು. ಎದುರಿನ ಕೋಣೆಯಲ್ಲಿ ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ, ಅದರ ಮೇಲೆ ಒಂದು ಬಿಳಿ ಬಟ್ಟೆ. ಆ ಬಟ್ಟೆ ನಮ್ಮ ಹೊದಿಕೆಗಿಂತ ಒಳ್ಳೆಯದಿತ್ತು. ನಡುವಿನ ಕೋಣೆಯಲ್ಲಿ ಉದ್ದದ ಮೇಜು, ಎರಡು ಬದಿಗೂ ಬೆಂಚು. ಹಿಂದೆ ಅಡಿಗೆಮನೆ. ಅಮ್ಮ ಮತ್ತು ನಾನು ಮಲಗುತ್ತಿದ್ದುದು ಅಲ್ಲಿ, ಅರೆಯುವ ಕಲ್ಲಿನ ಪಕ್ಕದಲ್ಲಿ. ನಾವು ಮನುಷ್ಯರ ಹತ್ತಿರ ತುಳು ಮಾತಾಡುವವರು, ದೇವರ ಹತ್ತಿರ ಕನ್ನಡ. ದೊಡ್ಡಪ್ಪ ಮಾತ್ರ ಬೈಯುವುದಕ್ಕೂ ದೇವರ ಭಾಷೆಯನ್ನೇ ಉಪಯೋಗಿಸುತ್ತಿದ್ದರು. ತುಳುವಿನಲ್ಲಿ ಬೈದರೆ ಸಿಟ್ಟು ಬಂದಿದೆ ಎಂದು ಅರ್ಥ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಕನ್ನಡದಲ್ಲಿ ಹೇಳಿದರೆ ಅದು ತೀರ್ಪು.

ಅವರು ಕಾರ್ಖಾನೆಯಲ್ಲಿ ಹೆಂಚು ಒತ್ತುವ ಮೆಷಿನ್ನಿಗೆ ಮೇಸ್ತ್ರಿ. ಆದಿತ್ಯವಾರ ನಮ್ಮ ದೇವಾಲಯದಲ್ಲಿ, ಎಂದರೆ ಪ್ರೊಟೆಸ್ಟೆಂಟ್ ಚರ್ಚಿನಲ್ಲಿ, ಹಾಡಿನ ಮಾಸ್ಟ್ರು. ಊರಿನವರು ಅವರನ್ನು ಮಾಸ್ಟ್ರು ಎಂದೇ ಕರೆಯುತ್ತಿದ್ದರು, ಮೇಸ್ತ್ರಿ ಎಂದು ಕರೆದವನಿಗೆ ಅವರು ಉತ್ತರ ಕೊಡುತ್ತಿರಲಿಲ್ಲ. ನಮ್ಮ ದೇವಾಲಯದಲ್ಲಿ ಹಾಡುವುದೆಂದರೆ ಎಲ್ಲರೂ ಒಂದೇ ರಾಗ ಹೇಳುವುದಲ್ಲ. ನಾಲ್ಕು ಸ್ವರ ನಾಲ್ಕು ದಾರಿಯಲ್ಲಿ ಹೋಗಬೇಕು, ಆದರೂ ಒಟ್ಟಿಗೆ ಇರಬೇಕು. ಹೆಂಗಸರಲ್ಲಿ ಮೇಲಿನದು ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡಸರಲ್ಲಿ ಮೇಲಿನದು ಟೆನರ್, ಕೆಳಗಿನದು ಬಾಸ್. ದೊಡ್ಡಪ್ಪ ಬಾಸ್. ದೊಡ್ಡಮ್ಮ ಮತ್ತು ಅವರ ಮಗಳು ರೂತ್ ಸೊಪ್ರಾನೊ. ಮಗ ಸಾಮುವೇಲ್ ಟೆನರ್. ಅವರಿಗೆ ಮಕ್ಕಳು ಹುಟ್ಟಿದ್ದೇ ಸ್ವರ ತುಂಬಿಸಲಿಕ್ಕೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ನನ್ನ ಅಪ್ಪ ಅವರ ತಮ್ಮ, ಅವನೂ ಟೆನರ್. ಕಾರ್ಖಾನೆಗೆ ಮಣ್ಣು ತರುವ ದೋಣಿ ಹೊಳೆಯಲ್ಲಿ ಮಗುಚಿ ಅಪ್ಪ ಸತ್ತ. ಹೆಣ ಮನೆಗೆ ಬಂದಾಗ ದೊಡ್ಡಪ್ಪ ಅದರ ತಲೆಯ ಹತ್ತಿರ ಬಹಳ ಹೊತ್ತು ನಿಂತು, "ಟೆನರ್ ಹೋಯಿತು" ಎಂದರಂತೆ. ಅಮ್ಮ ಇದನ್ನು ನನಗೆ ಅಳುತ್ತಾ ಹೇಳಲಿಲ್ಲ. ಅಕ್ಕಿ ಆರಿಸುತ್ತಾ ಹೇಳಿದಳು.

ಮೇಜಿನ ನಿಯಮ ಹೀಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಬೆಂಚಿನಲ್ಲಿ ಕೂರಬೇಕು. ಗಂಜಿ ಬಡಿಸಿ ಆಗಿರುತ್ತದೆ, ಮೀನು ಬೋಗುಣಿಯಲ್ಲಿರುತ್ತದೆ. ಕೈ ಎರಡೂ ಮೇಜಿನ ಮೇಲೆ. ದೊಡ್ಡಪ್ಪನ ಕಿಸೆಯಲ್ಲಿ ಎರಡು ಕಾಲಿನ ಒಂದು ಉಕ್ಕಿನ ಕಡ್ಡಿ ಇರುತ್ತಿತ್ತು, ಶ್ರುತಿ ಹಿಡಿಯಲಿಕ್ಕೆ. ಅದನ್ನು ಮೇಜಿನ ಅಂಚಿಗೆ ಹೊಡೆದು ಎಡಗಿವಿಯ ಹತ್ತಿರ ಹಿಡಿಯುತ್ತಿದ್ದರು. ಅದು ಗುಂಯ್ ಎನ್ನುತ್ತಿತ್ತು. ಆಮೇಲೆ ಒಂದು ಚರಣ, ನಾಲ್ಕು ಸ್ವರದಲ್ಲಿ. ಯಾರದ್ದಾದರೂ ಸ್ವರ ತಪ್ಪಿತು ಎಂದು ಕೇಳಿಸಿದ ಕೂಡಲೇ ಉಳಿದವರು ಹಾಡು ನಿಲ್ಲಿಸಿ ಕೈಯನ್ನು ಮೇಜಿನಿಂದ ತೆಗೆದು ಮಡಿಲಿಗೆ ಇಳಿಸಬೇಕು. ತಪ್ಪಿದವನಿಗೆ ತನ್ನ ತಪ್ಪು ಕೇಳಿಸುವುದಿಲ್ಲ, ಕೇಳಿಸಿದ್ದರೆ ಅವನು ತಪ್ಪುತ್ತಲೇ ಇರಲಿಲ್ಲ. ಅವನು ಹಾಡುತ್ತಾ ಇರುತ್ತಾನೆ. ಕೊನೆಗೆ ಅವನೊಬ್ಬನೇ ಹಾಡುತ್ತಾ ಉಳಿಯುತ್ತಾನೆ. ಆಗ ಅವನು ತಟ್ಟೆ ತೆಗೆದುಕೊಂಡು ಹೊಸ್ತಿಲಲ್ಲಿ ಕೂತು, ಉಳಿದವರು ಉಂಡು ಏಳುವವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ಮೀನು ಮುಗಿದಿರುತ್ತಿತ್ತು. ಮೊದಲು ಕೈ ಇಳಿಸಿದವರಿಗೆ ದೊಡ್ಡ ತುಂಡು. ಅದನ್ನು ದೊಡ್ಡಪ್ಪನೇ ಎತ್ತಿ ಹಾಕುತ್ತಿದ್ದರು. ಮಕ್ಕಳನ್ನು ಹೀಗೆ ಬೆಳೆಸಿದರೆ ಹಾಡು ಕಲಿಯುತ್ತಾರೋ ಇಲ್ಲವೋ ಹೇಳಲಾರೆ, ಇನ್ನೊಬ್ಬನ ತಪ್ಪು ಹಿಡಿಯಲು ಚೆನ್ನಾಗಿ ಕಲಿಯುತ್ತಾರೆ.

ಅಮ್ಮ ಆ ಮೇಜಿಗೆ ಬರುತ್ತಿರಲಿಲ್ಲ. ಅವಳು ಗದ್ದೆ ಮಾಡುವ ಮನೆಯಲ್ಲಿ ಹುಟ್ಟಿದವಳು, ಅವರು ಭೂತ, ದೈವ ನಂಬುವವರು. ಅಪ್ಪನನ್ನು ಮದುವೆಯಾಗುವುದಕ್ಕಾಗಿ ದೀಕ್ಷಾಸ್ನಾನ ತೆಗೆದುಕೊಂಡು ಲಿಡಿಯ ಆದಳು. ಅವಳ ಮನೆಯವರು ಅವಳು ಸತ್ತಳೆಂದು ಲೆಕ್ಕ ಹಾಕಿ ಬೊಜ್ಜ ಮಾಡಿ, ಊರಿಗೆ ಊಟ ಹಾಕಿ, ಬಾಗಿಲು ಮುಚ್ಚಿದರು. ಬದುಕಿರುವವಳಿಗೆ ಉತ್ತರಕ್ರಿಯೆ ಮಾಡಿದ ಮೇಲೆ ಅವಳು ಆ ಮನೆಯ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಅವಳನ್ನು ಮೇಜಿನಲ್ಲಿ ಅಪ್ಪನ ಪಕ್ಕ ಕೂರಿಸಿದರಂತೆ. ಅವಳಿಗೆ ಬರುತ್ತಿದ್ದುದು ಗದ್ದೆಯಲ್ಲಿ ನೇಜಿ, ಭತ್ತದ ಸಸಿ, ನೆಡುವಾಗ ಹೇಳುವ ಸ್ವರ, ಒಂದರಿಂದ ಇನ್ನೊಂದಕ್ಕೆ ಎಳೆದುಕೊಂಡು ಜಾರಿಕೊಂಡು ಹೋಗುವುದು. ಅವಳು ಹೆದರದೆ ಹಾಡಿದಳು. ದೊಡ್ಡಪ್ಪ ಕೈ ಇಳಿಸಿದರು, ದೊಡ್ಡಮ್ಮ ಇಳಿಸಿದರು. ಕಡೆಗೆ ನನ್ನ ಅಪ್ಪನೂ ಇಳಿಸಿದ. ಅವಳು ಕಣ್ಣು ಮುಚ್ಚಿಕೊಂಡು ಚರಣ ಮುಗಿಸಿ ಕಣ್ಣು ತೆರೆದಾಗ ಎಲ್ಲರೂ ತಟ್ಟೆ ನೋಡುತ್ತಿದ್ದರು. ಅವತ್ತು ತಟ್ಟೆ ಹಿಡಿದು ಅಡಿಗೆಮನೆಗೆ ಹೋದವಳು ಮತ್ತೆ ಬರಲಿಲ್ಲ. ದೇವಾಲಯದಲ್ಲೂ ಅವಳು ತುಟಿ ಮಾತ್ರ ಆಡಿಸಬೇಕೆಂದು ದೊಡ್ಡಪ್ಪ ಹೇಳಿಟ್ಟಿದ್ದರು. ಅವಳು ಹಾಡುವಾಗ ಕೈ ಇಳಿಸಿದ ಗಂಡನನ್ನು ಅವಳು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕೇಳುವಷ್ಟು ಸಲಿಗೆ ನಮ್ಮಿಬ್ಬರ ನಡುವೆ ಇರಲಿಲ್ಲ.

ನನ್ನನ್ನು ಹಲ್ಲು ಬಿದ್ದು ಹೊಸತು ಬರುವ ಪ್ರಾಯದಲ್ಲಿ ಮೇಜಿಗೆ ಕೂರಿಸಿದರು. ಮೊದಲ ವರ್ಷ ನಾನು ಉಂಡದ್ದೆಲ್ಲ ಹೊಸ್ತಿಲಲ್ಲೇ. ಒಬ್ಬಳೇ ಹಾಡುತ್ತಿದ್ದೇನೆ ಎಂದು ಗೊತ್ತಾಗುವ ಗಳಿಗೆ ಉಂಟಲ್ಲ, ಅದನ್ನು ಹೇಳುವುದು ಕಷ್ಟ. ಬಚ್ಚಲಲ್ಲಿ ಬಟ್ಟೆ ಬಿಚ್ಚಿ ನಿಂತಾಗ ಗೋಡೆ ಬಿದ್ದ ಹಾಗೆ. ರೂತ್ ನನಗಿಂತ ಎರಡು ವರ್ಷ ದೊಡ್ಡವಳು, ನನ್ನ ಎದುರೇ ಕೂರುತ್ತಿದ್ದಳು. ನನ್ನ ಸ್ವರಕ್ಕೆ ತಾಗುವ ಹಾಗೆ ಸಣ್ಣಗೆ ತಪ್ಪು ಹಾಡಿ, ನಾನು ಅವಳ ಹಿಂದೆ ಹೋದ ಕೂಡಲೇ ತಾನು ಸರಿಗೆ ಬಂದು ಕೈ ಇಳಿಸಿಬಿಡುತ್ತಿದ್ದಳು. ದೊಡ್ಡ ತುಂಡು ಅವಳಿಗೆ. ದೊಡ್ಡಮ್ಮನಿಗೆ ಇದು ಗೊತ್ತಿತ್ತು, ಆದರೂ ನನಗೇ ಹೇಳುತ್ತಿದ್ದರು.

"ಸ್ವರ ಇಲ್ಲದವರಿಗೆ ಹೊಟ್ಟೆ ಮಾತ್ರ ಎಷ್ಟು ದೊಡ್ಡದುಂಟು ನೋಡು ಮಾರಾಯ್ತಿ. ತಾಯಿಯದ್ದೇ ಗಂಟಲು, ತಾಯಿಯದ್ದೇ ಹೊಟ್ಟೆ."

ದೊಡ್ಡಪ್ಪ ನನಗೆ ಆಲ್ಟೊ ಕಲಿಸಿದ್ದು ಹಲ್ಲಿನ ಮೂಲಕ. ಕಡ್ಡಿಯನ್ನು ಹೊಡೆದು ಅದರ ಹಿಡಿಯನ್ನು ನನ್ನ ಎದುರಿನ ಹಲ್ಲಿಗೆ ತಾಗಿಸಿ ಹಿಡಿಯುತ್ತಿದ್ದರು. ತಲೆಬುರುಡೆ ಪೂರ್ತಿ ಗುಂಯ್ಗುಡುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಅದರ ಕೆಳಗಿನ ಸ್ವರ ಹಿಡಿಯಬೇಕು. ತಪ್ಪಿದರೆ ಅದೇ ಕಡ್ಡಿಯಿಂದ ಬೆರಳ ಗಂಟಿಗೆ ಪೆಟ್ಟು. ನನ್ನ ಬಲಗೈಯ ನಡುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆದರೆ ನಾನು ಕಲಿತೆ. ಹಾಡನ್ನು ಕಲಿತದ್ದಕ್ಕಿಂತ ಬೇರೆಯವರ ಕೈ ನೋಡುವುದನ್ನು ಹೆಚ್ಚು ಕಲಿತೆ. ಸ್ವರ ತಪ್ಪಿದ ಗಾಳಿ ಬೀಸಿತೋ ಇಲ್ಲವೋ ನನ್ನ ಕೈ ಮಡಿಲಲ್ಲಿರುತ್ತಿತ್ತು. ಹತ್ತು ವರ್ಷ ಆಗುವಾಗ ಆ ಮನೆಯಲ್ಲಿ ನನ್ನಷ್ಟು ಬೇಗ ಕೈ ಇಳಿಸುವವರು ಬೇರೆ ಇರಲಿಲ್ಲ. ರೂತ್ ಹೊಸ್ತಿಲಿಗೆ ಹೋದಳು, ಸಾಮುವೇಲ್ ಹೋದ. ನಾನು ಬಂಗುಡೆಯ ನಡುತುಂಡು ತಿಂದೆ. ಪಾಪ ಅನಿಸಲಿಲ್ಲ, ಮೀನು ರುಚಿಯಾಗಿತ್ತು.

ನಿಯಮಕ್ಕೆ ಒಂದೇ ಒಂದು ವಿನಾಯಿತಿ ಇತ್ತು. ಹೆಂಚು ಒತ್ತುವ ಮೆಷಿನ್ನಿನ ಸದ್ದಿಗೆ ದೊಡ್ಡಪ್ಪನ ಬಲಗಿವಿ ಹೋಗಿತ್ತು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರು ಹಾಡುತ್ತಾ ಹಾಡುತ್ತಾ ಕೆಳಗೆ ಜಾರುತ್ತಿದ್ದರು, ಹಳೆಯ ಬಾಗಿಲು ತನ್ನ ಭಾರಕ್ಕೆ ತಾನೇ ಇಳಿದ ಹಾಗೆ. ಆಗ ದೊಡ್ಡಮ್ಮ ಮೇಜಿನ ಕೆಳಗೆ ನಮ್ಮ ಕಾಲು ತುಳಿಯುತ್ತಿದ್ದರು. ಮೊದಲು ನನ್ನದು, ಆಮೇಲೆ ಎದುರಿನ ಬೆಂಚಿನವರದ್ದು. ತುಳಿದರೆ ನಾವೆಲ್ಲ ಅವರ ಹಿಂದೆ ಕೆಳಗೆ ಇಳಿಯಬೇಕು. ಮನೆಯೆಲ್ಲ ಒಟ್ಟಿಗೆ ತಪ್ಪಿದರೆ ತಪ್ಪಿದ್ದು ಯಾರೂ ಅಲ್ಲ. ಊಟದ ಹೊತ್ತಿಗೆ ಹಾರ್ಮೋನಿಯಂ ಇರುತ್ತಿರಲಿಲ್ಲವಾದ್ದರಿಂದ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ದೇವಾಲಯದಲ್ಲಿ ಹಾರ್ಮೋನಿಯಂ ಅವರೇ ನುಡಿಸುತ್ತಿದ್ದರು, ಅದರ ಸ್ವರ ಬೆರಳಿನಿಂದಲೇ ಮೈಗೆ ಹತ್ತುತ್ತಿತ್ತೇನೋ, ಅಲ್ಲಿ ತಪ್ಪುತ್ತಿರಲಿಲ್ಲ.

ಆ ವರ್ಷ ನಮ್ಮ ಆಲ್ಟೊ ಸಾಲಿನ ದೊಡ್ಡ ಹುಡುಗಿ ಮದುವೆಯಾಗಿ ಉಡುಪಿಗೆ ಹೋದಳು. ಅದೇ ಹೊತ್ತಿಗೆ ಕುಲಶೇಖರದಿಂದ ಒಬ್ಬರು ಗುಮಾಸ್ತರ ಹೆಂಡತಿ ಆಳು ಕಳಿಸಿದ್ದರು. ಬಾಣಂತನ ಮುಗಿದಿದೆ, ಮಗು ಎತ್ತಿಕೊಳ್ಳಲು, ಬಟ್ಟೆ ಒಗೆಯಲು ಒಂದು ಹುಡುಗಿ ಬೇಕು, ಊಟ ಬಟ್ಟೆ ಕೊಡುತ್ತೇವೆ, ಶಾಲೆಗೆ ಕಳಿಸಲು ಆಗುವುದಿಲ್ಲ. ದೊಡ್ಡಮ್ಮನಿಗೆ ಕೂಡಲೇ ನನ್ನ ನೆನಪಾಯಿತು. ಎರಡು ಹೊಟ್ಟೆಯಲ್ಲಿ ಒಂದು ಕಡಿಮೆ ಆದರೆ ಒಳ್ಳೆಯದೆಂದು ಅವರು ಅಡಿಗೆಮನೆಗೆ ಕೇಳುವ ಹಾಗೆಯೇ ಹೇಳಿದರು. ನಾನು ಆಗ ನಾಲ್ಕನೆಯ ಕ್ಲಾಸು. ಶಾಲೆಯೆಂದರೆ ನನಗೆ ಜೀವ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಬೆಂಚಿನಲ್ಲಿ ಕೂತರೆ ಯಾರೂ ಎಬ್ಬಿಸುತ್ತಿರಲಿಲ್ಲ, ಅದು ನನಗೆ ಬೇಕಿತ್ತು. ದೊಡ್ಡಪ್ಪ ಎರಡು ದಿನ ಯೋಚಿಸಿ ಕನ್ನಡದಲ್ಲಿ ಹೇಳಿದರು.

"ಕ್ಯಾರಲ್ ಆಗಲಿ. ಆಲ್ಟೊದಲ್ಲಿ ಇವಳನ್ನು ನಿಲ್ಲಿಸುತ್ತೇನೆ. ನಿಂತರೆ ಈ ಮನೆಯಲ್ಲಿ ಇರುತ್ತಾಳೆ, ಶಾಲೆಗೂ ಹೋಗುತ್ತಾಳೆ. ಬಿದ್ದರೆ ಕುಲಶೇಖರ."

ಕ್ಯಾರಲ್ ಎಂದರೆ ನಮ್ಮ ದೇವಾಲಯದ್ದು ಮಾತ್ರ ಅಲ್ಲ. ಕ್ರಿಸ್ಮಸ್ಸಿಗೆ ಒಂದು ವಾರ ಮೊದಲು ಒಂದು ಶಾಲೆಯ ಮೈದಾನದಲ್ಲಿ ಎಲ್ಲ ಸಭೆಗಳವರೂ, ಕೊಂಕಣಿ ಮಾತಾಡುವ ಕಥೋಲಿಕ ಇಗರ್ಜಿಯವರೂ ಸೇರಿ ಸಂಜೆ ಹಾಡುವುದು. ಕೇಳಲು ಊರಿಗೆ ಊರೇ ಬರುತ್ತಿತ್ತು. ಬಂದರಿನ ಒಬ್ಬರು ಬ್ಯಾರಿ ಮುಸ್ಲಿಂ ಸಾಹುಕಾರರು ವರ್ಷವೂ ಗ್ಯಾಸ್‌ಲೈಟು ಕೊಡುತ್ತಿದ್ದರು, ತಮ್ಮ ಮಕ್ಕಳನ್ನು ಕರೆದುಕೊಂಡು ಎದುರಿನ ಸಾಲಿನಲ್ಲೇ ಕೂರುತ್ತಿದ್ದರು. ಮೀನು ಮಾರುವ ಹೆಂಗಸರು ಬುಟ್ಟಿ ಸಮೇತ ಬಂದು ಹಿಂದೆ ನಿಲ್ಲುತ್ತಿದ್ದರು. ದೊಡ್ಡಪ್ಪನಿಗೆ ಆ ಒಂದು ಸಂಜೆಗಾಗಿ ಇಡೀ ವರ್ಷ. ಕೊಂಕಣಿಯವರ ಹತ್ತಿರ ದೊಡ್ಡ ಇಗರ್ಜಿ ಉಂಟು, ಘಂಟೆ ಉಂಟು, ಬ್ಯಾಂಡು ಉಂಟು. ನಮ್ಮ ಹತ್ತಿರ ಇರುವುದು ನಾಲ್ಕು ಸ್ವರ ಮಾತ್ರ ಎಂದು ಅವರು ಹೇಳುತ್ತಿದ್ದರು. ನವೆಂಬರಿನಿಂದ ಮೇಜಿನಲ್ಲಿ ಒಂದು ಚರಣದ ಬದಲು ಪೂರ್ತಿ ಹಾಡು ಹಾಡಿಸತೊಡಗಿದರು. ಗಂಜಿ ತಣ್ಣಗಾಗಿ ಮೇಲೆ ಪದರು ಕಟ್ಟುತ್ತಿತ್ತು.

ಅಮ್ಮ ನನಗೆ ಹಾಡಿಗಾಗಿ ಯಾವತ್ತೂ ಒಳ್ಳೆಯ ಮಾತು ಹೇಳಿದವಳಲ್ಲ. ಆ ದಿನಗಳಲ್ಲಿ ಅರೆಯುವಾಗ ನನ್ನನ್ನು ಎದುರು ಕೂರಿಸಿ ಹಾಡಿಸುತ್ತಿದ್ದಳು. ಸರಿಯೋ ತಪ್ಪೋ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಆದ್ದರಿಂದ ನಾನು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ತಪ್ಪಿದೆ ಎಂದು ತಿಳಿದು ಸೌಟಿನಿಂದ ಹೊಡೆಯುತ್ತಿದ್ದಳು.

"ಅಳ್ಬೇಡ, ಹಾಡು. ನಿನ್ನ ಗಂಜಿ ನಿನ್ನ ಗಂಟಲಲ್ಲೇ ಉಂಟು. ನನ್ನ ಗಂಟಲಲ್ಲಿ ಎಂತ ಇಲ್ಲ, ನೀನು ನೋಡ್ತಿದ್ದೀಯಲ್ಲ."

ಈಗ ನಾನಿರುವುದು ಶಕ್ತಿನಗರದಲ್ಲಿ, ಮಗಳ ಮನೆಯಲ್ಲಿ. ಡಿಸೆಂಬರ್ ಬಂದರೆ ಹತ್ತಿರದ ಹಾಲ್‌ನಲ್ಲಿ ಎಲ್ಲ ಜಾತಿಯವರೂ ಸೇರಿ ಕ್ಯಾರಲ್ ಮಾಡುತ್ತಾರೆ. ಕೀಬೋರ್ಡು, ಮೈಕು, ಕೆಂಪು ಟೊಪ್ಪಿ. ಮಕ್ಕಳು ಸ್ವರ ತಪ್ಪಿದರೆ ನಗಾಡಿಕೊಂಡು ಮುಂದೆ ಹೋಗುತ್ತಾರೆ, ತಾಯಂದಿರು ಫೋನಿನಲ್ಲಿ ವೀಡಿಯೊ ಮಾಡುತ್ತಾರೆ, ಕೊನೆಗೆ ಎಲ್ಲರಿಗೂ ಕೇಕು. ಕಳೆದ ವರ್ಷ ನನ್ನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ಅಜ್ಜಿ, ನೀವೂ ಒಂದು ಹಳೆಯ ಹಾಡು ಹೇಳಿ ಎಂದು ಮೈಕು ಕೊಟ್ಟರು. ಮೈಕನ್ನು ಪಕ್ಕದವಳ ಮಡಿಲಿಗೆ ಹಾಕಿದೆ. ಅಜ್ಜಿಗೆ ನಾಚಿಕೆ ಎಂದು ಚಪ್ಪಾಳೆ ತಟ್ಟಿದರು. ನಾಚಿಕೆ ನನಗೆ ಯಾವತ್ತೂ ಇರಲಿಲ್ಲ. ನಾನು ದೊಡ್ಡ ಕ್ಯಾರಲ್ಲಿನಲ್ಲಿ ಹಾಡಿದ್ದು ಒಂದೇ ಸಲ, ಅದು ಹೇಗಾಯಿತು ಎಂದು ಹೇಳುತ್ತೇನೆ.

ಆ ಸಂಜೆ ನನಗೆ ಅಪ್ಪನ ಆದಿತ್ಯವಾರದ ಬಿಳಿ ಮುಂಡು ಕತ್ತರಿಸಿ ಅಮ್ಮ ಹೊಲಿದ ಫ್ರಾಕು. ರೂತ್ ಅದನ್ನು ನೋಡಿ ಹೆಣದ ಬಟ್ಟೆ ಎಂದಳು. ಮೈದಾನದಲ್ಲಿ ಬೆಂಚುಗಳನ್ನು ಜೋಡಿಸಿ ವೇದಿಕೆ ಮಾಡಿದ್ದರು. ಹಾರ್ಮೋನಿಯಂ ಎಲ್ಲ ತಂಡಗಳಿಗೂ ಒಂದೇ, ಅದನ್ನು ಒಬ್ಬರು ಕೊಂಕಣಿ ಟೀಚರಮ್ಮ ನುಡಿಸುವುದೆಂದು ತೀರ್ಮಾನವಾಗಿತ್ತು. ದೊಡ್ಡಪ್ಪ ಎದುರು ನಿಂತು ಕೈ ತೋರಿಸುತ್ತಾ ತಾವೂ ಹಾಡಬೇಕು. ಹಾರ್ಮೋನಿಯಂ ಇಟ್ಟದ್ದು ಅವರ ಬಲಕ್ಕೆ. ದೊಡ್ಡಮ್ಮ ಅದನ್ನು ನೋಡಿದರು. ಎಡಕ್ಕೆ ಇಡಲು ಹೇಳಿದರೆ ಯಾಕೆಂದು ಕೇಳುತ್ತಾರೆ, ಕೇಳಿದರೆ ಕಾರಣ ಹೇಳಬೇಕಾಗುತ್ತದೆ. ಅವರು ತಮ್ಮ ಜಾಗಕ್ಕೆ ಹೋಗಿ ನಿಂತರು. ಸೊಪ್ರಾನೊದವರು ಒಂದು ತುದಿಗೆ, ಆಲ್ಟೊದವರು ಇನ್ನೊಂದು ತುದಿಗೆ, ನಾನು ಎದುರಿನ ಸಾಲಿನಲ್ಲಿ. ಪುಸ್ತಕ ಇಲ್ಲ, ಕೈ ಎರಡೂ ಎದೆಯ ಹತ್ತಿರ ಜೋಡಿಸಿ ಹಿಡಿಯಬೇಕು. ಅಮ್ಮ ಮೀನಿನ ಹೆಂಗಸರ ಜೊತೆ ಹಿಂದೆ ನಿಂತಿದ್ದಳು, ಸೆರಗು ತಲೆಯ ಮೇಲೆ.

ಮೊದಲ ಹಾಡು ಸರಿಯಾಯಿತು. ಬರಿಯ ಸರಿ ಅಲ್ಲ. ನಾಲ್ಕು ಸ್ವರವೂ ಒಂದರೊಳಗೊಂದು ಕೂತು ಗಟ್ಟಿಯಾದವು. ನನ್ನ ಬಾಯಿಂದ ಬರುವುದು ಯಾವುದು, ಪಕ್ಕದವಳದ್ದು ಯಾವುದು ಎಂದು ತಿಳಿಯದ ಹಾಗಾಯಿತು. ಹಲ್ಲಿಗೆ ಕಡ್ಡಿ ತಾಗಿಸಿದಾಗ ಆಗುವ ಹಾಗೆಯೇ ತಲೆಯೊಳಗೆ ಗುಂಯ್ಗುಟ್ಟಿತು, ಆದರೆ ನೋವಿರಲಿಲ್ಲ. ಈ ಮನುಷ್ಯ ಯಾಕೆ ಹೀಗಾದರು ಎಂದು ನನಗೆ ಆ ಒಂದು ಗಳಿಗೆ ಅರ್ಥವಾಯಿತು. ದೊಡ್ಡಪ್ಪ ನನ್ನ ಕಡೆ ನೋಡಿ ತಲೆ ಸ್ವಲ್ಪ ಆಡಿಸಿದರು. ಶಾಲೆ ಉಳಿಯಿತು ಎಂದು ತಿಳಿದೆ. ಜನ ಚಪ್ಪಾಳೆ ತಟ್ಟಿದರು, ಎದುರಿನ ಸಾಹುಕಾರರು ಇನ್ನೊಂದು ಆಗಲಿ ಎಂದು ಕೈ ಎತ್ತಿದರು.

ಎರಡನೆಯದು ನಿಧಾನದ ಹಾಡು, ಬಾಸ್ ಎದ್ದು ಕೇಳುವಂಥದ್ದು. ದೊಡ್ಡಪ್ಪ ಕಣ್ಣು ಮುಚ್ಚಿದರು. ಎರಡನೆಯ ಚರಣಕ್ಕೆ ಬರುವಾಗ ಅವರು ಜಾರಿದರು. ಮನೆಯಲ್ಲಾದರೆ ಕಾಲಿನ ಮೇಲೆ ಕಾಲು ಬೀಳುತ್ತಿತ್ತು. ಇಲ್ಲಿ ಮೇಜಿರಲಿಲ್ಲ, ದೊಡ್ಡಮ್ಮ ಆ ತುದಿಯಲ್ಲಿದ್ದರು. ಟೀಚರಮ್ಮನ ಹಾರ್ಮೋನಿಯಂ ಮಾತ್ರ ಇದ್ದಲ್ಲೇ ಇತ್ತು, ಅದು ಯಾರ ಹಿಂದೆಯೂ ಜಾರುವಂಥದ್ದಲ್ಲ. ಅವರ ಸ್ವರ ಅದರಿಂದ ದೂರ ಹೋಗುವುದು, ತಟ್ಟೆಯಲ್ಲಿ ಮುಳ್ಳು ಕಾಣುವಷ್ಟು ಸ್ಪಷ್ಟವಾಗಿ ನನಗೆ ಕೇಳಿಸಿತು. ನಾನು ಯೋಚಿಸಲಿಲ್ಲ. ಸೇಡು ತೀರಿಸಿದ್ದು ಎಂದು ಆಮೇಲೆ ಯಾರೋ ಹೇಳಿದರು, ಹತ್ತು ವರ್ಷದವಳಿಗೆ ಅಷ್ಟು ಬುದ್ಧಿ ಇರುವುದಿಲ್ಲ. ನನ್ನ ಬಾಯಿ ಮುಚ್ಚಿತು, ಕೈ ಕೆಳಗೆ ಬಂತು. ನನ್ನ ಕೈ ಇಳಿದದ್ದು ಕಂಡ ಕೂಡಲೇ ರೂತಳ ಕೈ ಇಳಿಯಿತು, ಸಾಮುವೇಲನದ್ದು ಇಳಿಯಿತು. ಅವರೂ ಯೋಚಿಸಲಿಲ್ಲ. ತಡ ಮಾಡಿದರೆ ಹೊಸ್ತಿಲು ಎಂದು ಅವರ ಮೈಗೆ ಗೊತ್ತಿತ್ತು. ಮಾಸ್ಟ್ರ ಮಕ್ಕಳೇ ನಿಲ್ಲಿಸಿದರೆಂದು ಉಳಿದವರೂ ನಿಲ್ಲಿಸಿದರು. ಟೀಚರಮ್ಮ ಏನಾಯಿತೆಂದು ತಿಳಿಯದೆ ಕೈ ತೆಗೆದರು. ಕೊನೆಗೆ ದೊಡ್ಡಮ್ಮನ ಕೈಯೂ ಇಳಿಯಿತು.

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಒಬ್ಬರೇ ಹಾಡುತ್ತಿದ್ದರು. ಬಾಸ್ ಎಂದರೆ ಕೆಳಗಿನ ಸ್ವರ, ಮೇಲೆ ಉಳಿದ ಮೂರು ಇಲ್ಲದಿದ್ದರೆ ಅದು ಹಾಡಿನ ಹಾಗೆ ಕೇಳುವುದೇ ಇಲ್ಲ, ಎಮ್ಮೆ ನರಳಿದ ಹಾಗೆ ಕೇಳುತ್ತದೆ. ಅವರು ಪೂರಾ ಒಂದು ಚರಣ ಹಾಗೆ ಹಾಡಿದರು, ಕೈಯಲ್ಲಿ ನಮಗೆ ತಾಳ ತೋರಿಸುತ್ತಾ. ಮೊದಲು ಮಕ್ಕಳು ನಕ್ಕವು. ಆಮೇಲೆ ಹಿಂದಿನಿಂದ ಒಬ್ಬಳು ಮೀನಿನ ಹೆಂಗಸು ಕೂಗಿ ಕೇಳಿದಳು.

"ಮಾಸ್ಟ್ರೇ, ಉಳಿದವರು ಊಟಕ್ಕೆ ಹೋದ್ರಾ?"

ಮೈದಾನ ಪೂರ್ತಿ ನಗು. ಎದುರಿನ ಸಾಹುಕಾರರು ಮಾತ್ರ ನಗಲಿಲ್ಲ, ತಮ್ಮ ಮಗನ ಬಾಯಿಗೆ ಕೈ ಅಡ್ಡ ಹಿಡಿದರು. ನಗು ಎಡಗಿವಿಗೆ ಬಿದ್ದಿರಬೇಕು, ದೊಡ್ಡಪ್ಪ ಕಣ್ಣು ತೆರೆದರು. ಅವರು ನಮ್ಮ ಮುಖ ನೋಡಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕೈಗಳನ್ನು ನೋಡಿದರು. ಎಲ್ಲವೂ ಕೆಳಗಿದ್ದವು. ತನ್ನ ಹೆಂಡತಿಯದ್ದೂ. ಏನಾಯಿತೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ, ನಿಯಮ ಮಾಡಿದವರೇ ಅವರು. ಜನರಿಗೆ ಕೈ ಮುಗಿದು ಬೆಂಚಿನಿಂದ ಇಳಿದು ಹೋದರು. ನಮ್ಮ ಸಭೆಯ ಪಾದ್ರಿ ಅಯ್ಯನವರು ಏನೋ ಸಮಾಧಾನ ಹೇಳಲು ಹಿಂದಿನಿಂದ ಹೋದರು, ಆದರೆ ಹೋದದ್ದು ಬಲಗಿವಿಯ ಕಡೆಯಿಂದ.

ಮನೆಗೆ ನಾವು ಅವರ ಹಿಂದೆ ನಡೆದೇ ಹೋದೆವು. ಅಮ್ಮ ಓಡಿ ಮುಂದೆ ಹೋಗಿ ಒಲೆ ಹಚ್ಚಿದ್ದಳು. ಪೆಟ್ಟು ಬೀಳುತ್ತದೆ ಎಂದು ನಾನು ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದೆ. ದೊಡ್ಡಪ್ಪ ಎಂದಿನಂತೆ ಮೇಜಿನ ತಲೆಯಲ್ಲಿ ಕೂತರು. ಕಡ್ಡಿ ಹೊರಗೆ ತೆಗೆಯಲಿಲ್ಲ, ಹಾಡು ಎನ್ನಲಿಲ್ಲ. ಮೊದಲು ಕೈ ಇಳಿಸಿದ್ದು ಯಾರು ಎಂದು ಕನ್ನಡದಲ್ಲಿ ಕೇಳಿದರು. ಸಾಮುವೇಲ್ ರೂತಳನ್ನು ನೋಡಿದ, ರೂತ್ ನನ್ನನ್ನು ನೋಡಿದಳು. ದೊಡ್ಡಮ್ಮ ಬಾಯಿ ತೆರೆದು ನನ್ನ ಹೆಸರು ಹೇಳಿದರು, ತಾನು ಕೊನೆಗೆ ಇಳಿಸಿದ್ದು ಎಂದೂ ಸೇರಿಸಿದರು. ದೊಡ್ಡಪ್ಪ ಬೋಗುಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡನ್ನು ಹುಡುಕಿ ತೆಗೆದು ನನ್ನ ತಟ್ಟೆಗೆ ಹಾಕಿದರು.

"ತಿನ್ನು ಎಸ್ತೇರ್. ನಿಯಮ ನಿಯಮವೇ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇರೆ ಯಾರಿಗೂ ಅವರು ಬಡಿಸಲಿಲ್ಲ, ತಾವೂ ಬಡಿಸಿಕೊಳ್ಳಲಿಲ್ಲ. ನಾನು ತಿಂದೆ. ತಿನ್ನದಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ, ಮತ್ತು ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಮುಳ್ಳು ಬಿಡಿಸಿ ಬಿಡಿಸಿ ಪೂರ್ತಿ ತಿಂದೆ. ನಾನು ತಟ್ಟೆ ಬದಿಗೆ ಸರಿಸಿದ ಮೇಲೆ ದೊಡ್ಡಪ್ಪ ಅಡಿಗೆಮನೆಯ ಕಡೆಗೆ ತಿರುಗಿದರು. ಅಮ್ಮನ ಹತ್ತಿರ ಅವರು ನೇರವಾಗಿ ಮಾತಾಡುವುದು ಅಪರೂಪ.

"ಲಿಡಿಯ, ನಾಳೆ ಇವಳನ್ನು ಕುಲಶೇಖರಕ್ಕೆ ಬಿಟ್ಟು ಬಾ. ಬಿಡಲು ಮನಸ್ಸಿಲ್ಲದಿದ್ದರೆ ನೀನೂ ಇವಳ ಜೊತೆ ಹೋಗಬಹುದು. ಎಲ್ಲಿಗೆ ಎಂದು ನಾನು ಕೇಳುವುದಿಲ್ಲ."

ನಾನು ತಪ್ಪಿರಲಿಲ್ಲ. ಅವರು ಹೇಳಿದ್ದ ಮಾತಿನ ಪ್ರಕಾರ ನಾನು ನಿಂತಿದ್ದೆ, ಬಿದ್ದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಅವರಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಅಮ್ಮ ಬಾಗಿಲಿನಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು. ಅವಳು ಜಗಳ ಮಾಡುತ್ತಾಳೆ, ಅಥವಾ ನನ್ನ ಕೈ ಹಿಡಿದು ಈಗಲೇ ಹೊರಡುತ್ತಾಳೆ ಎಂದು ಕಾದೆ. ಒಲೆಯ ಮೇಲೆ ಏನೋ ಸೀಯುವ ವಾಸನೆ ಬಂತು. ಅವಳು ಹಿಂದಕ್ಕೆ ತಿರುಗಿ ಅದನ್ನು ಇಳಿಸಿ ಮತ್ತೆ ಬಾಗಿಲಿಗೆ ಬಂದಳು.

"ಬೆಳಿಗ್ಗೆ ಮೀನಿನವಳು ಬರುವ ಮೊದಲು ಹೋಗಿ ಬರ್ತೇನೆ, ಭಾವ."

ಆಮೇಲೆ ಎಲ್ಲರಿಗೂ ಬಡಿಸಿದಳು.

ಮರುದಿನ ಬೆಳಕು ಹರಿಯುವಾಗ ಹೊರಟೆವು. ಆ ವರ್ಷದ ಕ್ರಿಸ್ಮಸ್ ತಿಂಡಿ ಇನ್ನೂ ಕರಿದಿರಲಿಲ್ಲ, ಆದ್ದರಿಂದ ಕಟ್ಟಿಕೊಡಲು ಏನೂ ಇರಲಿಲ್ಲ. ಸ್ಲೇಟನ್ನು ರೂತ್ ಮೊದಲೇ ತೆಗೆದಿಟ್ಟುಕೊಂಡಿದ್ದಳು. ನಾಲ್ಕನೆಯ ಕ್ಲಾಸು ಅಲ್ಲಿಗೆ ಅರ್ಧದಲ್ಲೇ ನಿಂತಿತು, ಈಗಲೂ ಒತ್ತಕ್ಷರ ಬರೆಯುವಾಗ ನನಗೆ ಕೈ ತಡೆಯುತ್ತದೆ. ಉರ್ವದಿಂದ ಕುಲಶೇಖರಕ್ಕೆ ಊರು ದಾಟಿ ಹೋಗಬೇಕು. ಅಮ್ಮ ಬೇಗ ಬೇಗ ನಡೆಯುತ್ತಿದ್ದಳು, ನಾನು ಫ್ರಾಕು ಎತ್ತಿ ಹಿಡಿದು ಓಡುತ್ತಿದ್ದೆ. ಗುಮಾಸ್ತರ ಮನೆಯ ಗೇಟಿನ ಹತ್ತಿರ ನಿಂತು ಅವಳು ನನ್ನ ಮೂಗು ಒರೆಸಿದಳು, ಗಟ್ಟಿಯಾಗಿ, ಪಾತ್ರೆ ಉಜ್ಜಿದ ಹಾಗೆ. ನೀನೂ ಬರಬಹುದಿತ್ತಲ್ಲ ಎಂದು ಕೇಳಿದೆ. ಆಗ ಅವಳು ನನ್ನ ಮುಖ ನೋಡಿ ಹೇಳಿದಳು.

"ನೀನು ಸಣ್ಣವಳು, ನಿನ್ನನ್ನು ಯಾರಾದ್ರೂ ಇಟ್ಕೊಳ್ತಾರೆ. ನನ್ನನ್ನು ಯಾರು ಇಟ್ಕೊಳ್ತಾರೆ? ನನಗೆ ಇರುವುದು ಅದೊಂದೇ ಅಡಿಗೆಮನೆ."

ಸುಳ್ಳಲ್ಲ. ಅವತ್ತೂ ಸುಳ್ಳಲ್ಲ ಎಂದು ಗೊತ್ತಾಗಿತ್ತು, ಅದಕ್ಕೇ ನಾನು ಅಳಲಿಲ್ಲ. ಗುಮಾಸ್ತರ ಹೆಂಡತಿ ಹೊರಗೆ ಬಂದರು, ನನ್ನ ಕೈ ಹಿಡಿದು ತಿರುಗಿಸಿ ಉಗುರು ನೋಡಿದರು. ಇವಳೇನಾ ಮಾಸ್ಟ್ರ ಮನೆಯವಳು, ಹಾಡ್ಲಿಕ್ಕೆ ಬರ್ತದಾ, ಮಗು ಮಲಗುವುದೇ ಇಲ್ಲ ಎಂದರು. ನಾನು ಉತ್ತರ ಕೊಡುವ ಮೊದಲೇ ಅಮ್ಮ ಬರುವುದಿಲ್ಲ ಎಂದಳು. ಕೆಲಸ ಮಾಡ್ತಾಳೆ ಎಂದಳು. ಮೀನಿನವಳು ಬರುವ ಹೊತ್ತಾಯಿತೆಂದು ತಿರುಗಿ, ಬಂದದ್ದಕ್ಕಿಂತ ಬೇಗ ಇಳಿಜಾರಿನಲ್ಲಿ ಹೋದಳು. ಒಳಗೆ ಮಗು ಅಳುತ್ತಿತ್ತು. ಹೋಗಿ ಎತ್ತಿಕೊಂಡೆ.